ಬೋಟಿನ ಕೊಳೆತ ನೆಲದ ಮ್ಯಾಲ ಇನ್ನೊಂದು ಹಲಗಿ ಹೊಡೀಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಪತ್ರಿಕೆಯಾಗ ತುಂಗಭದ್ರಾ ಡ್ಯಾಮಿನ ಸುದ್ದಿ ದಿನಾ ಬರ್ತೈತಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು, ಎಷ್ಟು ಟಿಎಂಸಿ ನಿಂತೈತಿ ಅಂತ, ಬರ್ಲಿ, ರೈತರಿಗೆ ಅದು ಬೇಕು. ಆದ್ರ ಅದೇ ನೀರಿನಾಗ ಬೆಳಕು ಹರಿಯೋದ್ರೊಳಗ ಮೀನಿನ ಬಲಿ ಎಳೆಯೋ ಮಂದಿ ಬಗ್ಗೆ, ಅವರ ಬೋಟಿನ ಬಗ್ಗೆ ಒಂದು ಸಾಲು ಬರಬೇಕಂದ್ರ ಯಾವುದಾದ್ರೂ ಬೋಟು ಮುಗುಚಬೇಕು, ಅಲ್ಲೀತನಕ ಯಾರಿಗೂ ನೆನಪಾಗಂಗಿಲ್ಲ. ಅದಕ್ಕ ಮುಗುಚೋಕಿಂತ ಮೊದಲ ಈ ಪತ್ರ ಬರೀತಿದೀನಿ, ಉದ್ದ ಆದ್ರೂ ದಯವಿಟ್ಟು ಕತ್ತರಿ ಹಾಕಬ್ಯಾಡ್ರಿ, ಯಾಕಂದ್ರ ರಿಪೇರಿ ಮಾತು ಅರ್ಧ ಹೇಳಿದ್ರ ಹೇಳದೇ ಇರೋಕಿಂತ ಕೆಟ್ಟದ್ದು.

ನಾನು ಮೀನುಗಾರ ಅಲ್ರಿ. ಬಸ್ ಬಾಡಿ ಕಟ್ಟೋ ಶೆಡ್ಡಿನಾಗ ಫೈಬರ್ ಕೆಲಸ ಕಲ್ತು ಅದರಾಗ ಹೊಟ್ಟಿ ಹೊರ್ಕೊಂಡು ಬಂದೋನು, ಮನಿ ಮುನಿರಾಬಾದಿನಾಗ ಇರೋದ್ರಿಂದ ದಂಡಿಮ್ಯಾಗಿನ ಮಂದಿ ತಮ್ಮ ಬೋಟು ತೋರಿಸಾಕ ಕರೀತಾರ. ಹಂಗ ಹೋಗಿ ನೋಡಿದ ಹಳೇ ಫೈಬರ್ ಬೋಟಿನಾಗ ಬಹಳಷ್ಟಕ್ಕ ಒಂದ ರೋಗ, ನೆಲ ಕೊಳೆತಿರತೈತಿ. ಮತ್ತ ಬಹಳಷ್ಟಕ್ಕ ಒಂದ ಮದ್ದು ಮಾಡಿರ್ತಾರ, ಕೊಳೆತ ನೆಲದ ಮ್ಯಾಲ ಇನ್ನೊಂದು ಪ್ಲೈವುಡ್ ಶೀಟ್ ಇಟ್ಟು ಸ್ಕ್ರೂ ಹೊಡೆದು ಪೇಂಟ್ ಬಳಿದುಬಿಟ್ಟಿರ್ತಾರ. ಇದನ್ನ ನಿಲ್ಲಿಸ್ರಿ ಅಂತ ಹೇಳಾಕ ಈ ಪತ್ರ.

ನಮ್ಮ ಕಡೆ ಹಿಂದ ಎಲ್ಲಾ ಹರಿಗೋಲು, ಬಿದಿರಿಂದು, ಅದರ ಹೊಟ್ಟಿ ತೆರೆದ ಇರೋದು, ಕೆಟ್ಟರ ಕಣ್ಣಿಗೆ ಕಾಣ್ತಿತ್ತು. ಫೈಬರ್ ಬೋಟು ಬಂದ ಮ್ಯಾಲ ಮಂದಿಗೆ ಒಂದು ನಂಬಿಕಿ ಕೂತುಬಿಡ್ತು, ಇದು ತುಕ್ಕು ಹಿಡಿಯಂಗಿಲ್ಲ ಕೊಳೆಯಂಗಿಲ್ಲ ಅಂತ. ಫೈಬರ್ ಕೊಳೆಯಂಗಿಲ್ಲ ಖರೇ. ಆದ್ರ ಭಾಳ ಬೋಟಿನಾಗ ನಾವು ಕಾಲಿಡೋ ನೆಲ ಪೂರ್ತಿ ಫೈಬರ್ ಇರಂಗಿಲ್ಲ, ಒಳಗ ಪ್ಲೈವುಡ್ ಇಟ್ಟು ಮ್ಯಾಲ ತೆಳ್ಳಗ ಗ್ಲಾಸ್ ಮ್ಯಾಟ್, ಅಂದ್ರ ಗಾಜಿನ ಎಳಿ ಹಾಸು ಹಾಸಿ, ರೆಸಿನ್ ಅನ್ನೋ ಗಟ್ಟಿ ಆಗೋ ದ್ರವ ಹಾಕಿರ್ತಾರ, ಅದರ ಕೆಳಗ ಬೋಟಿನ ಉದ್ದಕ್ಕೂ ಹೋಗೋ ತೊಲಿ, ಸ್ಟ್ರಿಂಗರ್ ಅಂತಾರಲ್ಲ ಅವು, ಅವೂ ಒಳಗ ಕಟಗಿನ. ಆ ನೆಲಕ್ಕ ಸೀಟು ಕೂಡಿಸಾಕ, ಬ್ಯಾಟರಿ ಡಬ್ಬಿ ಕೂಡಿಸಾಕ ಯಾರೋ ಒಂದಿಷ್ಟು ಸ್ಕ್ರೂ ಹೊಡೀತಾರ, ತೂತಿಗೆ ಏನೂ ತುಂಬಂಗಿಲ್ಲ, ಅಲ್ಲಿಂದ ನೀರು ಇಳೀತೈತಿ. ಮ್ಯಾಲ ಫೈಬರ್ ಕೆಳಗ ಫೈಬರ್, ಇಳಿದ ನೀರಿಗೆ ಹೊರಗ ಬರಾಕ ದಾರಿನ ಇಲ್ಲ, ನಡುವ ಕಟಗಿ ನೀರು ಕುಡಕೋತ ಕೂಡ್ತೈತಿ.

ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿಲ್ರಿ. ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ಬೋಟು ತಂದೋರು ಹೇಳ್ತಾರ, ಅಲ್ಲಿ ಇಷ್ಟು ವರ್ಷ ಛಲೋ ಇತ್ತು ಇಲ್ಲಿ ತಂದು ಎರಡು ಮಳಿಗಾಲ ಆಗೋದ್ರೊಳಗ ನೆಲ ಮೆತ್ತಗಾತು, ನಮಗ ಟೋಪಿ ಹಾಕಿದ ಅವ ಅಂತ. ಟೋಪಿ ಹಾಕಿರಬಹುದು, ಅದ ಬ್ಯಾರೆ. ಆದ್ರ ಕಟಗಿ ಕೊಳೆಸೋದು ಒಂದು ಜಾತಿ ಬೂಷ್ಟು, ಫಂಗಸ್, ಅದಕ್ಕ ಉಪ್ಪು ಆಗಿಬರಂಗಿಲ್ಲ. ಸಮುದ್ರದ ನೀರಿಗಿಂತ ಸಿಹಿನೀರು, ಅದರಾಗೂ ಮಳಿ ನೀರು ಕಟಗಿಗೆ ದೊಡ್ಡ ವೈರಿ. ಪೂರ್ತಿ ನೀರಿನಾಗ ಮುಳುಗಿದ ಕಟಗಿನೂ ಲಗೂ ಕೊಳೆಯಂಗಿಲ್ಲ ಯಾಕಂದ್ರ ಬೂಷ್ಟಿಗೆ ಗಾಳಿ ಬೇಕು, ಒಣ ಕಟಗಿನೂ ಕೊಳೆಯಂಗಿಲ್ಲ, ತೇವ ಶೇ 20ರ ಕೆಳಗ ಇದ್ರ ಅದು ಬೆಳೆಯಂಗಿಲ್ಲ. ಒಮ್ಮೆ ಒದ್ದೆ ಒಮ್ಮೆ ಅರೆಬರೆ ಒಣ, ಮ್ಯಾಲ ಬೆಚ್ಚಗ, ಸ್ವಲ್ಪ ಗಾಳಿ, ಇದು ಅದಕ್ಕ ಹಬ್ಬ. ನಮ್ಮ ದಂಡಿಮ್ಯಾಲ ಮುಚ್ಚಳ ಇಲ್ಲದ ನಿಂತ ಬೋಟಿನ ಒಳಗ ಇರೋದು ಕರೆಕ್ಟ್ ಅದ.

ಗುರುತು ಹಿಡಿಯೋದು ಕಷ್ಟ ಏನಿಲ್ಲ. ಬರಿಗಾಲಿನಾಗ ನಡೆದ್ರ ಕೆಲವು ಕಡೆ ಕೆಳಗ ಕುಪ್ಪಳಿಸಿದಂಗ ಆಗ್ತೈತಿ. ಸುತ್ತಿಗಿ ಹಿಡಿಕಿಯಿಂದ ಒಂದೊಂದು ಗೇಣಿಗೆ ಬಡಕೋತ ಹೋಗ್ರಿ, ಗಟ್ಟಿ ಇದ್ದಲ್ಲಿ ಟಣ್ ಅಂತೈತಿ, ಕೊಳೆತಲ್ಲಿ ದಪ್ ಅಂತ ಸತ್ತ ಸದ್ದು ಬರ್ತೈತಿ, ಅಂಥ ಜಾಗಾಕ್ಕ ಸೀಮೆಸುಣ್ಣದಿಂದ ಗೆರಿ ಹಾಕ್ಕೋಂತ ಹೋದ್ರ ರೋಗದ ನಕ್ಷೆನ ಸಿಗತೈತಿ. ಅನುಮಾನ ಇದ್ದಲ್ಲಿ ಒಂದು ಸಣ್ಣ ಡ್ರಿಲ್ ಹೊಡೀರಿ, ಬೆಳ್ಳಗ ಒಣ ಪುಡಿ ಬಂದ್ರ ಪಾಸು, ಕರ್ರಗ ಒದ್ದೆ ಮುದ್ದಿ ಬಂದ್ರ ಫೇಲು. ಹಂಗ ಹಿಂದ ಎಂಜಿನ್ ಕೂಡಿಸೋ ಗ್ವಾಡಿನೂ ನೋಡ್ರಿ, ಎಂಜಿನ್ ಹಿಡಿದು ಜಗ್ಗಿದ್ರ ಅದು ಬಾಗಿದ್ರ ನೆಲಕ್ಕಿಂತ ಮೊದಲ ಅದರ ಕೆಲಸ ಆಗಬೇಕು, ಎಂಜಿನ್ ಕಿತ್ಕೊಂಡು ನೀರಿಗೆ ಬಿದ್ರ ನೆಲ ರಿಪೇರಿ ಮಾಡಿ ಏನ್ ಮಾಡ್ತೀರಿ.

ಈಗ ಆ ಮ್ಯಾಲ ಹಲಗಿ ಹೊಡೆಯೋ ಪದ್ಧತಿಗೆ ಬರ್ತೀನಿ. ಹೊಸ ಶೀಟಿನ ಸ್ಕ್ರೂ ಹಿಡಿಯೋದು ಯಾವುದಕ್ಕ? ಕೆಳಗಿನ ಕೊಳೆತ ಕಟಗಿಗೆ. ಅದಕ್ಕ ಹಿಡಿತನ ಇಲ್ಲ. ಹೊಸಾ ತೂತಿನಿಂದ ಹೊಸಾ ನೀರು, ಬೂಷ್ಟು ಕೆಳಗಿಂದ ಹೊಸ ಶೀಟಿಗೂ ಏರ್ತೈತಿ. ಇದರ ಮ್ಯಾಲ ಭಾರ. ಹಳೇ ಬೋಟಿನ ನೆಲದ ಕೆಳಗ ತೇಲಾಕ ಅಂತ ಫೋಮ್ ತುಂಬಿರ್ತಾರ, ವರ್ಷಾನುಗಟ್ಲೆ ನೀರಿನಾಗ ಕೂತು ಅದೂ ನೀರು ಹೀರಿರತೈತಿ. ಒಂದು ಘನ ಅಡಿ ನೀರು ಅಂದ್ರ 28 ಕೆಜಿ ಚಿಲ್ಲರ, ನಾಲ್ಕು ಘನ ಅಡಿ ಫೋಮು ನೀರು ಕುಡಿದಿತ್ತಂದ್ರ ನೂರು ಕೆಜಿ ಮ್ಯಾಲ ಆತು, ಅಂದ್ರ ದಿನಾ ಇಬ್ಬರು ಆಳು ಪುಗಸಟ್ಟೆ ಕೂತ್ಕೊಂಡು ಬಂದಂಗ ಲೆಕ್ಕ, ಅವರ ಡೀಸೆಲ್ಲು ನಿಮ್ಮ ಕಿಸೆಯಿಂದ. ಬೋಟು ನೀರಿನಾಗ ಕೆಳಗ ಕೂಡ್ತೈತಿ, ಗಾಳಿ ಎದ್ರ ತೆರಿ ಒಳಗ ಬರ್ತೈತಿ, ಮುಳುಗಿದ್ರ ಎತ್ತಿ ಹಿಡಿಬೇಕಾದ ಫೋಮ್ ಆಗಲೇ ತುಂಬಿ ಹೋಗೈತಿ. ತುಂಬಿದಾಗ ನಮ್ಮ ಡ್ಯಾಮಿನ ಹಿನ್ನೀರು ಸುಮಾರು 378 ಚದರ ಕಿಲೋಮೀಟರು ರೀ, ನಡುವ ನಿಂತ್ರ ದಂಡಿ ಕಾಣಂಗಿಲ್ಲ. ಕೆಲವರು ನೆಲದ ಮ್ಯಾಲ ಕಬ್ಬಿಣದ ಚೆಕರ್ ಪ್ಲೇಟ್ ಹಾಕ್ಸ್ಯಾರ, ಒಬ್ಬ ಪುಣ್ಯಾತ್ಮ ಸಿಮೆಂಟು ಗಿಲಾಯಿನ ಮಾಡಿಸಿದ್ದ, ನೋಡಿ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಹಂಗಾದ್ರ ಏನು ಮಾಡಬೇಕು? ಬಿಚ್ಚಬೇಕು. ಬ್ಯಾರೆ ಹಾದಿ ಇಲ್ಲ. ಬಿಚ್ಚೋಕಿಂತ ಮೊದಲ ಬೋಟನ್ನ ನೆಲದ ಮ್ಯಾಲ ಸಮ ಕೂಡಿಸ್ರಿ, ತಳದ ಉದ್ದಕ್ಕೂ ಉಸುಕಿನ ಚೀಲ ಇಲ್ಲಾ ಹಳೇ ಟೈರು ಕೊಟ್ಟು, ಯಾಕಂದ್ರ ನೆಲ ತೆಗೆದ ಮ್ಯಾಲ ಬೋಟಿಗೆ ಬಿಗಿ ಇರಂಗಿಲ್ಲ, ಸೊಟ್ಟ ಕೂತಲ್ಲೇ ಹೊಸ ನೆಲ ಹಾಕಿದ್ರ ಆ ಸೊಟ್ಟ ಜೀವಮಾನ ಪೂರ್ತಿ ಹಂಗ ಉಳೀತೈತಿ, ನೀರಿನಾಗ ಒಂದ ಕಡೆ ಎಳೀತೈತಿ. ಕೊಯ್ಯಾಕ ಸರ್ಕ್ಯುಲರ್ ಸಾ ತಗೊಂಡು ಬ್ಲೇಡಿನ ಆಳ ಪ್ಲೈವುಡ್ಡಿನ ದಪ್ಪದಷ್ಟ ಸೆಟ್ ಮಾಡ್ರಿ, ಇಲ್ಲಂದ್ರ ಕೆಳಗಿನ ತಳಾನ ಕೊಯ್ದುಬಿಡ್ತೀರಿ. ಸುತ್ತ ಬದಿಗೆ ಎರಡು ಇಂಚು ಹಳೇ ಅಂಚು ಬಿಟ್ಟು ಕೊಯ್ರಿ, ಹೊಸ ನೆಲದ ಲೆವೆಲ್ಲು ಆ ಅಂಚಿಂದ ಸಿಗತೈತಿ. ಫೈಬರ್ ಪದರು ಎತ್ತಿದ ಮ್ಯಾಲ ಒಳಗಿನ ಕಟಗಿ ನೆನೆದ ಮಂಡಕ್ಕಿಯಂಗ ಕೈಯಾಗ ಬರ್ತೈತಿ, ಅದನ್ನ ನೋಡಿದ ಮ್ಯಾಲ ಇದರ ಮ್ಯಾಲ ಇಷ್ಟು ದಿನ ನಿಂತಿದ್ವ್ಯಾ ಅಂತ ಮಾಲಕರ ಮುಖ ಬಿಳುಚ್ತೈತಿ. ಒದ್ದೆ ಫೋಮನ್ನ ಒಣಗಿಸಿ ಮತ್ತ ಹಾಕ್ತೀನಿ ಅನ್ನಬ್ಯಾಡ್ರಿ, ರಾಯಚೂರಿನ ಬಿಸಿಲಿನಾಗ ಇಟ್ರೂ ಅದು ಒಳಗಿಂದ ಒಣಗಂಗಿಲ್ಲ, ಸಲಿಕಿ ಹಚ್ಚಿ ತೆಗೀರಿ.

ಆಮ್ಯಾಲ ಸ್ಟ್ರಿಂಗರ್ ನೋಡ್ರಿ. ಇಲ್ಲಿ ಮಂದಿ ಕಣ್ಣು ಮುಚ್ಚಿಕೊಳ್ತಾರ, ನೆಲ ಅಷ್ಟ ಅಲ್ಲ ಇದೂ ಹೋಗೇತಿ ಅಂದ್ರ ಖರ್ಚು ಜಾಸ್ತಿ ಅಂತ. ಬೋಟಿನ ಬೆನ್ನೆಲುಬ ಅವು. ಹೊರಗಿನ ಫೈಬರ್ ಪದರು ಗಟ್ಟಿ ಇದ್ದು ಒಳಗ ಕಟಗಿ ಕೊಳೆತಿದ್ರ ಮ್ಯಾಲಿನ ಮುಖ ಅಷ್ಟ ಕೊಯ್ದು ಒಳಗಿಂದು ಕೆರೆದು ತೆಗೆದು ಹೊಸ ಕಟಗಿ ರೆಸಿನ್‌ನಾಗ ಕೂಡಿಸಿ ಮತ್ತ ಮ್ಯಾಟ್ ಸುತ್ತಬಹುದು, ತಳಕ್ಕ ಅಂಟಿದ ಪದರು ಉಳಿದ್ರ ಅದ ಅಚ್ಚು ಆಗ್ತೈತಿ. ಎರಡೂ ಸ್ಟ್ರಿಂಗರ್ ಒಮ್ಮೆಗೇ ಕೀಳಬ್ಯಾಡ್ರಿ, ಒಂದು ಮುಗಿಸಿ ಇನ್ನೊಂದು. ಮತ್ತ ಅಡ್ಡ ಪಟ್ಟಿಗಳ ಬುಡದಾಗ ನೀರು ಹರಿಯಾಕ ಸಣ್ಣ ಪಿವಿಸಿ ಪೈಪಿನ ತುಂಡು ಹಾಕ್ರಿ, ಒಳಗ ಬಂದ ನೀರು ಹಿಂದಿನ ಡ್ರೈನ್ ಪ್ಲಗ್ಗಿಗೆ ಹರಿದು ಬರ್ಲಿ.

ಗ್ರೈಂಡಿಂಗ್ ಇರತೈತಲ್ಲ, ಅದ ಅರ್ಧ ಕೆಲಸ. ಹೊಸ ರೆಸಿನ್ ಹಳೇ ಫೈಬರಿಗೆ ತಾನಾಗೇ ಅಂಟಂಗಿಲ್ಲ, ಒರಟು ಮಾಡಿದ್ರ ಕಚ್ಚಿ ಹಿಡೀತೈತಿ ಅಷ್ಟ. 36 ಇಲ್ಲಾ 40 ನಂಬರ್ ಸ್ಯಾಂಡ್ ಪೇಪರಿನಿಂದ ಪೇಂಟು ಗ್ರೀಸು ಮೀನಿನ ಜಿಡ್ಡು ಎಲ್ಲಾ ಹೋಗೋ ಹಂಗ ತಿಕ್ಕಿ, ಧೂಳು ತೆಗೆದು, ಅಸಿಟೋನ್ ಹಚ್ಚಿದ ಬಟ್ಟಿಲೆ ಒರೆಸಿ, ಪೂರ್ತಿ ಆರಿದ ಮ್ಯಾಲ ಮುಂದಿಂದು. ಆ ಧೂಳು ಗಾಜಿನ ಧೂಳ್ರಿ. ಟವೆಲ್ಲು ಮುಖಕ್ಕ ಸುತ್ಕೊಂಡು ಮಾಡೋರನ್ನ ನೋಡ್ತೀನಿ, ಅದು ಏನೂ ತಡಿಯಂಗಿಲ್ಲ, ಎನ್ 95 ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಬೇಕ ಬೇಕು, ಸಣ್ಣ ಮಕ್ಕಳು ಹತ್ರ ಸುಳಿಬಾರದು. ಕೊಯ್ದ ಚೂರು ಧೂಳು ಚೀಲಕ್ಕ ತುಂಬ್ರಿ, ನೀರಿಗೆ ಜಾಡಿಸಬ್ಯಾಡ್ರಿ, ಸುಡಬ್ಯಾಡ್ರಿ. ಅದ ನೀರಿನ ಮೀನು ನಾವ ತಿನ್ನೋರು.

ಪ್ಲೈವುಡ್ ತರುವಾಗ ಅಂಗಡಿಯಾಂವ ವಾಟರ್‌ಪ್ರೂಫ್ ಐತಿ ಸಾರ್ ಅಂದ ಅಂತ ತರಬ್ಯಾಡ್ರಿ, ಎಲ್ಲಾರೂ ಹಂಗ ಅಂತಾರ. ಶೀಟಿನ ಮ್ಯಾಲ ಐಎಸ್‌ಐ ಮಾರ್ಕಿನ ಜೋಡಿ ಐಎಸ್ 710 ಅಂತ ಇರಬೇಕು, ಅದು ಮರೀನ್ ಪ್ಲೈ, 72 ತಾಸು ನೀರಿನಾಗ ಕುದಿಸೋ ಪರೀಕ್ಷೆ ಪಾಸಾದ ಗೋಂದು. ಗೋಂದು ಬಿಡಂಗಿಲ್ಲ, ಆದ್ರ ಕಟಗಿ ನೀರು ಕುಡಿಯೋದು ಕುಡೀತೈತಿ, ಅದಕ್ಕ ಸೈಜಿಗೆ ಕೊಯ್ದ ಮ್ಯಾಲ ಆರೂ ಮುಖಕ್ಕ ರೆಸಿನ್ ಬಳೀರಿ, ಅದರಾಗ ಕೊಯ್ದ ಅಂಚು ಎರಡೆರಡು ಸಲ, ಅಂಚಿನಿಂದನ ನೀರು ಜಾಸ್ತಿ ಏರೋದು. ಕೆಳಗಿನ ಮುಖ ಯಾರೂ ನೋಡಂಗಿಲ್ಲ ಅಂತ ಬಿಡ್ತಾರ, ಅಲ್ಲೇ ಮತ್ತ ಶುರು ಆಗ್ತೈತಿ. ಸ್ಟ್ರಿಂಗರ್ ನಡುವಿನ ಅಂತರ ಒಂದೂವರಿ ಅಡಿ ಒಳಗ ಇದ್ರ 12 ಮಿಮೀ ಸಾಕು, ಜಾಸ್ತಿ ಇದ್ರ 18 ಹಾಕ್ರಿ.

ರೆಸಿನ್ ವಿಷಯದಾಗ ಒಂದು ಮಾತು ದಪ್ಪ ಅಕ್ಷರದಾಗ ಹಾಕಿದ್ರೂ ಅಡ್ಡಿಲ್ಲ ಸಂಪಾದಕರ. ನಮ್ಮ ಕಡೆ ಅಂಗಡಿಯಾಗ ಪಾಲಿಯೆಸ್ಟರ್ ರೆಸಿನ್, ಗಟ್ಟಿ ಆಗೋದನ್ನ ಚುರುಕು ಮಾಡೋ ನೀಲಿ-ನೇರಳೆ ಬಣ್ಣದ ಕೋಬಾಲ್ಟು, ನೀರಿನಂಗ ಇರೋ ಹಾರ್ಡ್‌ನರ್ ಅಂದ್ರ ಎಂ.ಇ.ಕೆ.ಪಿ., ಮೂರೂ ಬ್ಯಾರೆ ಬ್ಯಾರೆ ಕೊಡ್ತಾರ. ಕೋಬಾಲ್ಟನ್ನ ಮೊದಲು ರೆಸಿನ್‌ಗೆ ಹಾಕಿ ಚೆಂದಾಗಿ ಕಲಿಸಿ, ಆಮ್ಯಾಲ ಹಾರ್ಡ್‌ನರ್ ಹಾಕಬೇಕು. ಕೋಬಾಲ್ಟು ಮತ್ತ ಹಾರ್ಡ್‌ನರ್ ಎರಡನ್ನ ನೇರ ಕೂಡಿಸಿದ್ರ ಬೆಂಕಿ ಹತ್ತೈತಿ, ಸ್ಫೋಟನೂ ಆಗಬಹುದು. ಒಂದ ಅಳತಿ ಮುಚ್ಚಳದಾಗ ಎರಡನ್ನೂ ಅಳೀಬ್ಯಾಡ್ರಿ. ಹಾರ್ಡ್‌ನರ್ ಕಣ್ಣಿಗೆ ಸಿಡಿದ್ರ ಕಣ್ಣು ಹೋಗೋ ಪ್ರಸಂಗ, ತಕ್ಷಣ ಕಾಲು ತಾಸು ನೀರು ಸುರಕೋತ ತೊಳೆದು ಸೀದಾ ದವಾಖಾನಿಗೆ ಹೋಗಬೇಕು. ಬೀಡಿ ಸೇದೋರು ದೂರ ಹೋಗಿ ಸೇದ್ರಿ, ರೆಸಿನ್ ವಾಸನಿನೂ ಅಸಿಟೋನೂ ಎರಡೂ ಬೆಂಕಿಗೆ ಕಾದು ಕೂತಿರ್ತಾವ.

ಬಿಸಿಲಿನ ಲೆಕ್ಕ ಇನ್ನೊಂದು. ರೆಸಿನ್ ಡಬ್ಬಿ ಮ್ಯಾಲ ಬರೆದ ಗಟ್ಟಿ ಆಗೋ ಟೈಮು 25 ಡಿಗ್ರಿಗೆ ಬರೆದಿದ್ದು. ನಮ್ಮಲ್ಲಿ ಏಪ್ರಿಲ್ ಮೇ ಅಂದ್ರ 40 ದಾಟಿರತೈತಿ, ಬ್ರಷ್ ಅದ್ದೋದ್ರೊಳಗ ಮಗ್ಗಿನಾಗ ಗಟ್ಟಿ ಆಗಿ ಹೊಗಿ ಬರ್ತೈತಿ. ಅದಕ್ಕ ಮುಂಜಾನೆ ಒಂಬತ್ತರೊಳಗ, ನೆರಳಿನಾಗ, ಅರ್ಧ ಕೆಜಿ ಅರ್ಧ ಕೆಜಿ ಕಲಿಸ್ರಿ. ಹಾರ್ಡ್‌ನರ್ ಶೇ 1ರಿಂದ 2ರ ನಡುವ, ಅಂದ್ರ ಕೆಜಿಗೆ 10ರಿಂದ 20 ಗ್ರಾಂ, ಬ್ಯಾಸಗಿಯಾಗ 10ರ ಹತ್ರ ಇರ್ಲಿ. ಲಗೂ ಗಟ್ಟಿ ಆಗಬಾರದು ಅಂತ 10ಕ್ಕಿಂತ ಕೆಳಗ ಇಳಿಸಿದ್ರ ಅದು ಒಳಗಿಂದ ಪೂರ್ತಿ ಗಟ್ಟಿ ಆಗಂಗಿಲ್ಲ, ತಿಂಗಳು ಬಿಟ್ಟು ಮುಟ್ಟಿದ್ರೂ ರಬ್ಬರ್‌ನಂಗ ಇರತೈತಿ. ಕಣ್ಣಂದಾಜು ಬಿಟ್ಟು ತಕ್ಕಡಿ ಹಿಡೀರಿ, ಬಂಗಾರದ ಅಂಗಡಿಯಾಗಿನಂಥ ಸಣ್ಣ ಡಿಜಿಟಲ್ ತಕ್ಕಡಿ ಈಗ ಎಲ್ಲಾ ಕಡೆ ಸಿಗತೈತಿ.

ಎಂಟು ಅಡಿ ನಾಲ್ಕು ಅಡಿ ಶೀಟು ಅಂದ್ರ ಸುಮಾರು 3 ಚದರ ಮೀಟರು. ಚದರ ಮೀಟರಿಗೆ 450 ಗ್ರಾಂ ತೂಗೋ ಚಾಪ್ಡ್ ಮ್ಯಾಟು, ಅಂದ್ರ ತುಂಡು ಎಳಿ ಗ್ಲಾಸ್ ಮ್ಯಾಟು, ಎರಡು ಪದರು ಹಾಸಿದ್ರ ಮ್ಯಾಟು 2.7 ಕೆಜಿ ಬೇಕು, ರೆಸಿನ್ ಮ್ಯಾಟಿನ ಎರಡೂವರಿ ಪಟ್ಟು ಅಂದ್ರ ಏಳು ಕೆಜಿ ಹತ್ರ. ಪ್ಲೈಗೆ ಬಳಿಯಾಕ, ಅಂಚಿಗೆ ತುಂಬಾಕ ಬ್ಯಾರೆ. ರೆಸಿನ್ ಸುರಿದಷ್ಟು ಗಟ್ಟಿ ಅಂತ ತಿಳ್ಕೊಂಡಾರ ಮಂದಿ, ಉಲ್ಟಾ ಐತಿ, ಬಲ ಕೊಡೋದು ಗ್ಲಾಸು, ಹೆಚ್ಚಾದ ರೆಸಿನ್ ಬಿರುಕು ಬಿಡ್ತೈತಿ. ರೋಲರ್ ಹೊಡೆದು ಒಳಗಿನ ಗಾಳಿ ಗುಳ್ಳಿ ತೆಗೀರಿ. ಮ್ಯಾಟು ಶೀಟಿನ ಅಂಚಿಗೆ ನಿಲ್ಲಬಾರದು, ಬಿಟ್ಟ ಆ ಹಳೇ ಅಂಚನ್ನ ದಾಟಿ ಬೋಟಿನ ಬದಿಗ್ವಾಡಿಗೆ ಮೂರು ನಾಲ್ಕು ಇಂಚು ಏರಬೇಕು, ಮೂಲಿಗೆ ರೆಸಿನ್ ಪುಟ್ಟಿ ಹಚ್ಚಿ ದುಂಡಗ ಮಾಡಿದ್ರ ಮ್ಯಾಟು ಮುರಿಯದ ಬಾಗತೈತಿ. ರೊಕ್ಕ ಇದ್ದೋರು ಪಾಲಿಯೆಸ್ಟರ್ ಬದಲಿಗೆ ಎಪಾಕ್ಸಿ ಅನ್ನೋ ಇನ್ನೊಂದು ಜಾತಿ ರೆಸಿನ್ ಹಾಕ್ರಿ, ಹಳೇದಕ್ಕ ಅಂಟೋದರಾಗ ಅದ ಮ್ಯಾಲು, ಆದ್ರ ಪಾಲಿಯೆಸ್ಟರಿಗೆ ಅಂತ ಮಾಡಿದ ಚಾಪ್ಡ್ ಮ್ಯಾಟಿನ ಅಂಟು ಎಪಾಕ್ಸಿಯಾಗ ಸರಿ ಕರಗಂಗಿಲ್ಲ, ಅದಕ್ಕ ನೇಯ್ದ ಬಟ್ಟಿ ತಗೋಬೇಕು. ನನ್ನ ಕೇಳಿದ್ರ ಡ್ಯಾಮಿನ ಸಣ್ಣ ಬೋಟಿಗೆ, ಗ್ರೈಂಡಿಂಗ್ ನೆಟ್ಟಗ ಮಾಡಿದ್ರ, ಪಾಲಿಯೆಸ್ಟರ್ ಸಾಕು.

ತೇಲೋ ಫೋಮಿನ ಬದಲಿಗೆ ಥರ್ಮಾಕೋಲ್ ತುಂಬ್ತೀವಿ ಅಂತಾರ. ಪಾಲಿಯೆಸ್ಟರ್ ರೆಸಿನ್ ತಾಗಿದ್ರ ಥರ್ಮಾಕೋಲ್ ಕಣ್ಣ ಮುಂದ ಕರಗಿ ಹೋಗ್ತೈತಿ, ಪೆಟ್ರೋಲ್ ತಾಗಿದ್ರೂ ಅದ ಗತಿ. ಎರಡು ದ್ರವ ಕೂಡಿಸಿ ಸುರಿಯೋ ಪಿಯು (ಪಾಲಿಯುರೆಥೇನ್) ಫೋಮು ಸಿಗತೈತಿ, ನೀರು ಕುಡಿಯದ ಜಾತಿಂದು ಕೇಳಿ ತಗೊಳ್ರಿ, ಫೋಮಿನ ಕೆಳಗ ನೀರು ಹರಿಯೋ ದಾರಿ ಬಿಟ್ಟ ಸುರೀರಿ.

ಎಲ್ಲಾ ಆದ ಮ್ಯಾಲ ಇನ್ನೂ ಅಂಟಂಟು ಐತಿ, ಮೋಸದ ರೆಸಿನ್ ಕೊಟ್ಟಾನ ಅಂತ ಜಗಳಕ್ಕ ಹೋಗಬ್ಯಾಡ್ರಿ, ಈ ರೆಸಿನ್ ಗಾಳಿ ತಾಗಿದ ಮುಖ ಹಂಗ ಇರೋದು, ಕೊನೇ ಕೋಟಿಂಗಿನ ರೆಸಿನ್‌ಗೆ ವ್ಯಾಕ್ಸ್ (ಮೇಣ) ಬೆರೆಸಿದ್ರ ಅದು ಮ್ಯಾಲ ತೇಲಿ ಗಾಳಿ ತಡೀತೈತಿ, ಗಟ್ಟಿ ಆಗ್ತೈತಿ. ಆ ಕೋಟು ಹಸಿ ಇದ್ದಾಗ ಜರಡಿ ಹಿಡಿದ ಸಣ್ಣ ಒಣ ಉಸುಕು ಉದುರಿಸಿದ್ರ ಮೀನಿನ ಜಿಡ್ಡಿಗೆ ಕಾಲು ಜಾರಂಗಿಲ್ಲ. ಸೀಟಿನ ಸ್ಕ್ರೂ ಹೊಡೆಯೋಕಿಂತ ಮೊದಲ ತೂತು ದೊಡ್ಡದು ಕೊರೆದು ಎಪಾಕ್ಸಿ ತುಂಬಿ, ಗಟ್ಟಿ ಆದ ಮ್ಯಾಲ ಅದರ ನಡುವ ಸಣ್ಣ ತೂತು ಹಾಕಿ ಸ್ಕ್ರೂ ಕೂಡಿಸ್ರಿ, ಆಗ ನೀರು ಕಟಗಿ ಮುಟ್ಟಂಗಿಲ್ಲ. ದಂಡಿಗೆ ಎಳೆದಾಗ ಮೂತಿ ಎತ್ತರ ಇಟ್ಟು ಡ್ರೈನ್ ಪ್ಲಗ್ ಬಿಚ್ಚಿ ಇಡ್ರಿ.

ಇನ್ನ ನನ್ನ ಬೇಡಿಕೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಹರಿದಾಗ ನಮ್ಮೂರಿನ ಚಾದಂಗಡಿಯಾಗ ಕೂತೋರೆಲ್ಲಾ ಎಂಜಿನಿಯರ್ ಆಗಿದ್ವಿ, ವರ್ಷಾ ವರ್ಷಾ ಚೆಕ್ ಮಾಡಬೇಕಿತ್ತು, ಮೊದಲ ಬದಲಿಸಬೇಕಿತ್ತು ಅಂತ ಗಂಟಲು ಹರಕೊಂಡ್ವಿ. ಬೋಟಿನ ವಿಷಯಕ್ಕ ಬಂದ್ರ ಆ ಬುದ್ಧಿ ಎಲ್ಲಿ ಹೋಗ್ತೈತೋ. ಬೋಟು ಕೊಡೋ ಸ್ಕೀಮಿನ ಫೋಟೋ ಪೇಪರಿನಾಗ ಬರ್ತೈತಿ, ಹಾರ ಹಾಕಿದ ಹೊಸ ಬೋಟು, ಪಕ್ಕದಾಗ ನಿಂತ ಮುಖಂಡರು. ಅದೇ ಬೋಟು ನೆಲ ಮೆತ್ತಗಾದಾಗ ಯಾರ ಕಡೆ ಹೋಗಬೇಕು? ಈ ಕೆಲಸ ಬಲ್ಲವರು ಕರಾವಳಿಯಾಗ ಅದಾರ, ಮೀನುಗಾರಿಕೆ ಕಾಲೇಜು 1969ರಿಂದ ಮಂಗಳೂರಿನಾಗ ಐತಿ, ಇಲ್ಲಿಂದ ಅಲ್ಲಿಗೆ ಬೋಟು ಹೊತ್ಕೊಂಡು ಹೋಗಾಕ ಆಗಂಗಿಲ್ಲ, ಕಲಿಸೋರನ್ನ ಇಲ್ಲಿಗೆ ಕರೆಸಬಹುದು. ಗಂಗಾವತಿ ಕೃಷಿ ವಿಜ್ಞಾನ ಕೇಂದ್ರ ಐತಿ, ಐಟಿಐ ಅದಾವ, ಮೀನುಗಾರರ ಸಹಕಾರಿ ಸಂಘಗಳು ಅದಾವ, ಫೈಬರ್ ಕೆಲಸ ಗೊತ್ತಿರೋ ಬಸ್ ಬಾಡಿ ಹುಡುಗರು ಹೊಸಪೇಟೆ, ಗಂಗಾವತಿಯಾಗ ಸಿಗ್ತಾರ. ಇವರನ್ನೆಲ್ಲಾ ಮೀನುಗಾರಿಕೆ ಇಲಾಖೆ ಒಂದು ವಾರ ಒಂದು ಕಡೆ ಕೂಡಿಸಿ, ಒಂದು ಖರೇ ಕೊಳೆತ ಬೋಟನ್ನ ನಡುವ ಇಟ್ಟು, ಬಿಚ್ಚಿ ಕಟ್ಟಿ ತೋರಿಸಬೇಕು. ಭಾಷಣ ಬ್ಯಾಡ, ಬ್ಯಾನರ್ ಬ್ಯಾಡ. ರೆಸಿನ್ನು ಮ್ಯಾಟು ಸಂಘದಾಗ ಕೆಜಿ ಲೆಕ್ಕದಾಗ ಇಟ್ಟು ಕೊಟ್ರ ಇನ್ನೂ ಛಲೋ, ಒಬ್ಬ ಮೀನುಗಾರ ಏಳೆಂಟು ಕೆಜಿ ಕೆಲಸಕ್ಕ ಡ್ರಮ್ಮು ತರಾಕ ಆಗಂಗಿಲ್ಲ, ತಂದಿಟ್ರ ನಮ್ಮ ಸೆಕೆಗೆ ಅದು ಡಬ್ಬಿಯಾಗ ಗಟ್ಟಿ ಆಗ್ತೈತಿ.

ಟೈಮು ಮಾತ್ರ ಫೆಬ್ರವರಿ ಇರಬೇಕು, ನೀರು ಇಳೀತಿರತೈತಿ, ಬಿಸಿಲು ಇನ್ನೂ ಏರಿರಂಗಿಲ್ಲ, ಮಳಿ ದೂರ, ಕಟಗಿ ಒಣಗಾಕ ಮುಂದ ಪೂರ್ತಿ ಬ್ಯಾಸಗಿ ಸಿಗತೈತಿ. ಜೂನಿನಾಗ ಶಿಬಿರ ಇಟ್ರ ಯಾರೂ ಬರಂಗಿಲ್ಲ, ಬಂದ್ರೂ ರೆಸಿನ್ ಹಿಡಿಯಂಗಿಲ್ಲ. ಮುನಿರಾಬಾದ್ ಇಲ್ಲಾ ಹುಲಗಿ ಕಡೆ ಒಂದು ಶೆಡ್ಡು, ಕರೆಂಟು, ನೀರು ಇಷ್ಟು ಇಲಾಖೆಯವರು ಕೊಡ್ಲಿ, ಗ್ರೈಂಡರ್ ನಾನ ತರ್ತೀನಿ, ಕೂಲಿನೂ ಕೇಳಂಗಿಲ್ಲ.

ಇಂತಿ,
ನಿಮ್ಮ ಓದುಗ
ಮುನಿರಾಬಾದ್, ಕೊಪ್ಪಳ ಜಿಲ್ಲೆ